ಊದದೆ ಬಿಟ್ಟ ಹೊಟ್ಟು

ನಾನು ಬಟ್ಟಲಿನ ಹೊಟ್ಟು ಊದಲಿಲ್ಲ. ಊದಿದೆ ಎಂದು ಅಕ್ಕನಿಗೆ ಹೇಳಿದೆ. ನಾನು ಮಾಡಿದ ತಪ್ಪು ಇಷ್ಟೇ. ಕೇಳಿದವರಿಗೆ ಇದೇನು ದೊಡ್ಡದು ಅನ್ನಿಸಬಹುದು. ಮುಷ್ಟಿಯೊಳಗೆ ಮುಚ್ಚಿಟ್ಟುಕೊಳ್ಳುವಷ್ಟಿದ್ದ ಒಂದು ಹಕ್ಕಿಯ ಮಾತು ಅದು. ಈಗ ನನಗೆ ಮೊಮ್ಮಕ್ಕಳಿದ್ದಾರೆ. ಆದರೂ ಮೊರದಲ್ಲಿ ಏನನ್ನಾದರೂ ಕೇರಲು ಕೂತಾಗ, ಹೊಟ್ಟು ಹಾರಿ ಕಾಳು ಉಳಿಯುವ ಹೊತ್ತಿಗೆ ನನ್ನ ಮುಖ ಬಿಸಿಯಾಗುತ್ತದೆ. ಯಾರಾದರೂ ನೋಡಿದರೇನೋ ಅಂತ ತಲೆ ತಗ್ಗಿಸುತ್ತೇನೆ.

ನಮ್ಮದು ಬೆಂಗಳೂರಿಗೆ ಹತ್ತಿರದ ಮಧುರೆ ಕಡೆಯ ಹಳ್ಳಿ. ಹೊಲದಲ್ಲಿ ರಾಗಿ, ಅದರ ಸಾಲಿನಲ್ಲಿ ಅವರೆ, ಒಂದು ಅಂಚಿನಲ್ಲಿ ನವಣೆ. ನಾನು ಮೂರನೇ ಕ್ಲಾಸಿನವರೆಗೆ ಓದಿದ್ದೆ. ಆಮೇಲೆ ಮನೆಯಲ್ಲಿ ಕೈ ಸಾಲದು ಎಂದು ಬಿಡಿಸಿದರು. ಅಕ್ಕ ನನಗಿಂತ ಐದಾರು ವರ್ಷಕ್ಕೆ ದೊಡ್ಡವಳು. ಅವಳನ್ನು ನೆಲಮಂಗಲದ ಕಡೆಗೆ ಕೊಟ್ಟಿದ್ದರು. ಅದು ಯುದ್ಧದ ಕಾಲ. ಭಾವ ಮಿಲಿಟರಿ ಲಾರಿ ಓಡಿಸುವ ಕೆಲಸಕ್ಕೆ ಸೇರಿದರು. ಎಲ್ಲಿಗೆ ಕಳಿಸುತ್ತಾರೆ ಎಂದು ಅವರಿಗೇ ಗೊತ್ತಿರಲಿಲ್ಲ. ಹೊರಡುವ ಮುಂಚೆ ಬೆಂಗಳೂರಿನ ಪೇಟೆಯಲ್ಲಿ ಒಂದು ಹಕ್ಕಿಯನ್ನು ಬಿದಿರಿನ ಗೂಡಿನ ಸಮೇತ ಕೊಂಡು ತಂದು, ಅಕ್ಕನ ಕೈಗೆ ಕೊಟ್ಟು ಹೋದರು.

ಗುಬ್ಬಿಗಿಂತ ಸಣ್ಣದು. ಕೊಕ್ಕು ಕೆಂಪು, ಮೈ ಕೆಂಪು, ಅದರ ಮೇಲೆ ರಂಗೋಲಿ ಪುಡಿ ಉದುರಿದ ಹಾಗೆ ಬಿಳಿ ಚುಕ್ಕಿ. ಮಾರಿದವನು ಮುನಿಯ ಅಂದಿದ್ದನಂತೆ. ಅವ್ವ ಅದನ್ನು ನೋಡಿದವಳೇ ಕೆಂಪುಗುಬ್ಬಿ ಅಂದಳು, ನಮ್ಮ ಮನೆಯಲ್ಲಿ ಅದೇ ಹೆಸರು ನಿಂತಿತು. ರಾಟವಾಳ ಅನ್ನುವ ಹೆಸರು ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ.

ಅಕ್ಕ ಬಸುರಿಯಾಗಿ ಬಾಣಂತನಕ್ಕೆ ನಮ್ಮ ಮನೆಗೆ ಬಂದಾಗ ಗೂಡೂ ಜೊತೆಯಲ್ಲಿ ಬಂತು. ಗಾಡಿಯಲ್ಲಿ ದಾರಿಯುದ್ದಕ್ಕೂ ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಬಂದ ಮಾರನೆಯ ದಿನವೇ ನನ್ನನ್ನು ಗೂಡಿನ ಮುಂದೆ ಕೂರಿಸಿಕೊಂಡು ಪಾಠ ಶುರುಮಾಡಿದಳು. ಈ ಹಕ್ಕಿ ನವಣೆಯನ್ನು ಹಾಗೇ ನುಂಗುವುದಿಲ್ಲ. ಕೊಕ್ಕಿನಲ್ಲಿ ಉರುಳಿಸಿ, ಸುಲಿದು, ಒಳಗಿನದನ್ನು ತಿಂದು, ಸಿಪ್ಪೆಯನ್ನು ಮತ್ತೆ ಬಟ್ಟಲಿಗೇ ಬೀಳಿಸುತ್ತದೆ. ಸಿಪ್ಪೆಯ ಬಣ್ಣ, ಆಕಾರ ಎರಡೂ ಕಾಳಿನದೇ. ಮೇಲಿನಿಂದ ನೋಡಿದರೆ ಬಟ್ಟಲು ತುಂಬಿದ ಹಾಗೇ ಇರುತ್ತದೆ.

"ತುಂಬೈತೆ ಅಂತ ಬಿಟ್ಬುಟ್ಟೀಯ. ಬೆಳಗ್ಗೆ ಎದ್ದೋಳೇ ಈಚೆಗೆ ತಗೊಂಡೋಗಿ ಊದು. ಹಾರಿದ್ದು ಹೊಟ್ಟು, ಉಳಿದಿದ್ದು ಕಾಳು."

"ಅದನ್ನೂ ಹೇಳ್ಕೊಡ್ಬೇಕಾ? ನಾನೇನು ಮೊರ ಹಿಡಿದೇ ಇರೋಳಾ?"

"ಮೊರ ಹಿಡಿಯಕ್ಕೆ ಬತ್ತದೆ ನಿಂಗೆ. ಗ್ಯಾನ ಇರಲ್ಲ, ಅಷ್ಟೇ."

ಹಕ್ಕಿ ಕಾಯಿಲೆ ಬಿದ್ದರೆ ಹೇಗೆ ಗೊತ್ತಾಗುತ್ತದೆ ಎಂದೂ ಹೇಳಿದಳು. ಅತ್ತೆಯ ಮನೆಯಲ್ಲಿ ಅದಕ್ಕೆ ಒಮ್ಮೆ ಶೀತ ಆಗಿತ್ತಂತೆ. ಪುಕ್ಕ ಉಬ್ಬಿಸಿಕೊಂಡು ಉಂಡೆಯಾಗಿ ಕೂರುತ್ತದೆ, ಕಣ್ಣು ಅರೆ ಮುಚ್ಚುತ್ತದೆ, ಗೂಡಿನೊಳಗೆ ಕಟ್ಟಿದ ಕೊಂಬೆ ಬಿಟ್ಟು ತಳಕ್ಕೆ ಇಳಿಯುತ್ತದೆ, ಉಸಿರು ಎಳೆದಾಗೆಲ್ಲ ಬಾಲ ಮೇಲೆ ಕೆಳಗೆ ಆಡುತ್ತದೆ. ಇಟ್ಟಿಗೆಯನ್ನು ಒಲೆಯಲ್ಲಿ ಬಿಸಿ ಮಾಡಿ, ಬಟ್ಟೆ ಸುತ್ತಿ ಗೂಡಿನ ಕೆಳಗೆ ಇಟ್ಟು ಅವಳೇ ಉಳಿಸಿಕೊಂಡಿದ್ದಳು.

ಚಳಿಗಾಲ, ರಾಗಿಯ ಒಕ್ಕಣೆ ನಡೆಯುತ್ತಿದ್ದಾಗ ಅಕ್ಕನಿಗೆ ಹೆರಿಗೆಯಾಯಿತು. ಗಂಡು ಮಗು. ಪುರುಡಿನ ಮೈಲಿಗೆ ಕಳೆಯುವವರೆಗೆ ಬಾಣಂತಿ ಕೋಣೆ ಬಿಟ್ಟು ಬರುವ ಹಾಗಿಲ್ಲ. ಹಕ್ಕಿಯ ನೆರಳು ಹಸುಗೂಸಿನ ಮೇಲೆ ಬಿದ್ದರೆ ಕೂಸು ಸೊರಗುತ್ತದೆ ಎಂದು ನಮ್ಮ ಕಡೆ ಹೆದರುತ್ತಿದ್ದರು. ಅದಕ್ಕೆ ಅವ್ವ ಗೂಡನ್ನು ನಡುಮನೆಯಿಂದ ತೆಗೆಸಿ ಹಿತ್ತಿಲ ಜಗಲಿಯಲ್ಲಿ ತೂಗುಹಾಕಿಸಿದಳು. ಅಕ್ಕನ ಕೋಣೆಯ ಹಿಂದಿನ ಗೋಡೆ ಅದೇ ಜಗಲಿಗೆ ಸೇರಿತ್ತು. ಗೋಡೆಯಲ್ಲಿ ಎತ್ತರಕ್ಕೆ ಒಂದು ಗವಾಕ್ಷಿ. ಅಕ್ಕನಿಗೆ ಹಕ್ಕಿ ಕಾಣುತ್ತಿರಲಿಲ್ಲ, ಸದ್ದು ಕೇಳುತ್ತಿತ್ತು. ಬೆಳಗ್ಗೆ ನಾನು ಆ ಕಡೆ ಹೋದದ್ದು ಬಳೆಯ ಸದ್ದಿನಿಂದ ತಿಳಿದು ಒಳಗಿನಿಂದ ಕೇಳುತ್ತಿದ್ದಳು.

"ಊದಿದೇನೇ?"

"ಊದ್ದೆ ಕಣಕ್ಕ."

ಮೊದಲ ಬೆಳಗ್ಗೆ ನಿಜವಾಗಿ ಊದಿದೆ. ಹೊಟ್ಟು ಕಣ್ಣಿಗೆ ಬಿತ್ತು, ತಲೆಗೂದಲಿಗೆ ಮೆತ್ತಿಕೊಂಡಿತು. ಅಷ್ಟರಲ್ಲಿ ಅವ್ವ, ಬಾಣಂತಿಯ ನೀರಿಗೆ ಉರಿ ಹಾಕಿಲ್ಲ ಎಂದು ಕೂಗಿದಳು. ಎರಡನೆಯ ದಿನ ನೋಡಿದೆ, ಬಟ್ಟಲು ತುಂಬಿತ್ತು. ಸಾಕು ಅಂದುಕೊಂಡೆ. ಆಮೇಲೆ ನೋಡುವುದೇ ಊದಿದ ಹಾಗೆ ಆಯಿತು.

ಕೆಲಸ ಜಾಸ್ತಿಯಿತ್ತು ಎಂದು ಹೇಳಿ ತಪ್ಪಿಸಿಕೊಳ್ಳಬಹುದು. ಇತ್ತು ಕೂಡ. ನೀರು ಕಾಯಿಸಬೇಕು, ಬಟ್ಟೆ ಸೆಣೆಯಬೇಕು, ಕಣಕ್ಕೆ ಬುತ್ತಿ ಹೊರಬೇಕು, ಅಲ್ಲಿ ಕೂತು ರಾಗಿ ಕೇರಬೇಕು. ಆದರೆ ನಿಜ ಹೇಳಬೇಕೆಂದರೆ ನನಗೆ ಹೊಟ್ಟೆಯುರಿಯೂ ಇತ್ತು. ಮನೆಯಲ್ಲಿ ಎಲ್ಲರ ಬಾಯಲ್ಲೂ ಅಕ್ಕ ಉಂಡಳಾ, ಅಕ್ಕ ಮಲಗಿದಳಾ. ತುಪ್ಪ ಅವಳಿಗೆ, ಬೆಚ್ಚನೆಯ ಕೋಣೆ ಅವಳಿಗೆ. ಅವಳ ಹಕ್ಕಿಗೆ ಕೂಡ ಅಪ್ಪ ಒಳ್ಳೆಯ ನವಣೆಯನ್ನು ಮಡಕೆಯಲ್ಲಿ ಬೇರೆ ಎತ್ತಿಟ್ಟಿದ್ದ. ನಾನು ಬಾಣಂತಿಗೂ ಆಳು, ಹಕ್ಕಿಗೂ ಆಳು ಎಂದು ಒಳಗೊಳಗೇ ಕುದಿಯುತ್ತಿದ್ದೆ. ಬಟ್ಟಲು ಎತ್ತಿ ಊದುವುದಕ್ಕೆ ಎಷ್ಟು ಹೊತ್ತು ಬೇಕಿತ್ತು? ಕಣದಲ್ಲಿ ಕೂತು ಪಲ್ಲಗಟ್ಟಲೆ ರಾಗಿಯ ಹೊಟ್ಟು ಹಾರಿಸಿದವಳು ನಾನು.

ಒಂದು ಬೆಳಗ್ಗೆ ಹಕ್ಕಿ ಉಂಡೆಯಾಗಿ ಕೂತಿತ್ತು. ಚಳಿ ಇರಬೇಕು ಅಂದುಕೊಂಡು ಹೋದೆ. ಸಂಜೆ ಬಂದಾಗ ಕೊಂಬೆಯ ಮೇಲೆ ಇರಲಿಲ್ಲ. ಗೂಡಿನ ತಳದಲ್ಲಿ, ಮೂಲೆಯಲ್ಲಿ, ಬಾಲ ಆಡಿಸುತ್ತ ಕೂತಿತ್ತು. ಅಕ್ಕ ಹೇಳಿಕೊಟ್ಟ ಗುರುತುಗಳೆಲ್ಲ ಒಂದೊಂದಾಗಿ ಕಾಣಿಸಿದವು. ಗೂಡನ್ನು ಕೆಳಗಿಳಿಸಿಟ್ಟು ಅವ್ವನನ್ನು ಕರೆದೆ.

ಅವ್ವ ಬಗ್ಗಿ ನೋಡಿದಳು. "ಮೇವು ಹಂಗೇ ಐತಲ್ಲೇ. ಹೊಟ್ಟು ಊದಿದ್ದೀಯ ತಾನೆ?"

ಆಗ ಹೇಳಬಹುದಿತ್ತು. ಅವ್ವ ಬೈದಿರುತ್ತಿದ್ದಳು, ಅಷ್ಟೇ.

"ಇವತ್ತೂ ಊದಿದ್ದೀನವ್ವ," ಅಂದೆ.

"ಹಂಗಾರೆ ಮೈಗೆ ಉಷಾರಿಲ್ಲ. ತಿಂತಾನೇ ಇಲ್ಲ ಅದು."

ಒಳಗಿನಿಂದ ಅಕ್ಕ ಕೇಳಿಸಿಕೊಂಡಿದ್ದಳು. "ಇಟ್ಟಿಗೆ ಬಿಸಿ ಮಾಡಿ ಇಡೇ. ಆರದ ಹಂಗೆ ನೋಡ್ಕೊ. ಗಾಳಿ ಬೀಳ್ದಂಗೆ ಗೂಡಿಗೆ ನನ್ ಹಳೇ ಸೀರೆ ಹೊದಿಸು." ಅವಳ ಧ್ವನಿ ಗವಾಕ್ಷಿಯಿಂದ ಬರುತ್ತಿತ್ತು. ಅವಳು ಹೇಳಿದ ಮದ್ದೆಲ್ಲ ನನ್ನ ಸುಳ್ಳನ್ನು ನಂಬಿ ಹೇಳಿದ್ದು.

ನಾನು ಎಲ್ಲವನ್ನೂ ಮಾಡಿದೆ. ಇಟ್ಟಿಗೆ ಆರಿದಾಗಲೆಲ್ಲ ಬದಲಾಯಿಸಿದೆ, ರಾತ್ರಿಯೂ ಎದ್ದೆ. ಓಮ ಕುದಿಸಿದ ನೀರನ್ನು ಬೆರಳ ತುದಿಯಿಂದ ಕೊಕ್ಕಿಗೆ ತಾಗಿಸಿದೆ. ಕೈಯಲ್ಲಿ ಹಿಡಿದಾಗ ಎದೆಯ ಮೂಳೆ ಚೂಪಾಗಿ ಬೆರಳಿಗೆ ತಗುಲಿತು. ಆಗ ನನಗೆ ಅನುಮಾನ ಬಂತು. ಒಂದು ಸಲ ಊದಿ ನೋಡೋಣ ಅನ್ನಿಸಿತು. ಆದರೆ ಊದಿದಾಗ ಎಲ್ಲ ಹಾರಿಹೋಗಿ ಬಟ್ಟಲು ಬರಿದಾಗಿಬಿಟ್ಟರೆ ಅವ್ವ ನೋಡುತ್ತಾಳೆ, ನನ್ನ ಸುಳ್ಳು ಗೊತ್ತಾಗುತ್ತದೆ. ಅದಕ್ಕೇ ಊದಲಿಲ್ಲ. ಮೊದಲು ಊದದೆ ಇದ್ದದ್ದು ಸೋಮಾರಿತನ. ಈ ಸಲ ಊದದೆ ಇದ್ದದ್ದಕ್ಕೆ ಏನು ಹೆಸರು ಕೊಡಬೇಕೋ ನನಗೆ ಇವತ್ತಿಗೂ ಗೊತ್ತಿಲ್ಲ.

ಮಾರನೆಯ ದಿನ ಅವ್ವ ಕೊಟ್ಟಿಗೆಯಲ್ಲಿದ್ದ ಹೊತ್ತು ನೋಡಿಕೊಂಡು ಬಟ್ಟಲನ್ನು ಸೆರಗಿನಲ್ಲಿ ಮುಚ್ಚಿ ಹಿತ್ತಿಲ ಕೊನೆಗೆ ಹೋದೆ. ಯಾರಿಗೂ ಕಾಣದಂತೆ ಹಳೆಯದನ್ನು ಚೆಲ್ಲಿ, ಹೊಸ ನವಣೆ ತುಂಬಿ ಇಡಬೇಕು ಎಂದಿತ್ತು. ಚೆಲ್ಲಿದೆ. ನಮ್ಮ ಕೋಳಿಗಳು ರೆಕ್ಕೆ ಬಡಿಯುತ್ತ ಓಡಿಬಂದವು. ಮೊದಲು ಬಂದ ಹೇಂಟೆ ಒಂದು ಸಲ ಕುಕ್ಕಿತು, ಇನ್ನೊಂದು ಸಲ ಕುಕ್ಕಿತು. ತಲೆ ಓರೆ ಮಾಡಿ ನನ್ನ ಕಡೆ ನೋಡಿತು. ಆಮೇಲೆ ಎಲ್ಲವೂ ಒಂದೊಂದಾಗಿ ಅದನ್ನು ಬಿಟ್ಟು ಹೊರಟುಹೋದವು. ನಮ್ಮ ಕೋಳಿಗಳು ಒಂದು ಕಾಳಿಗೂ ಒಂದನ್ನೊಂದು ಕುಕ್ಕಾಡುವಂಥವು. ನಾನು ಕೂತು ಅದನ್ನು ಕೈಯಾರೆ ಕೆದಕಿದೆ. ಒಂದು ಕಾಳೂ ಸಿಗಲಿಲ್ಲ. ಸಣ್ಣಗೆ ಗಾಳಿ ಬಂದು ನನ್ನ ಬೆರಳುಗಳ ನಡುವೆಯೇ ಎಲ್ಲವನ್ನೂ ತೆಗೆದುಕೊಂಡು ಹೋಯಿತು.

ಓಡಿಬಂದು ಹೊಸ ನವಣೆ ಹಾಕಿದೆ. ಹಕ್ಕಿ ಬಟ್ಟಲಿನ ಹತ್ತಿರಕ್ಕೆ ಕುಂಟಿಕೊಂಡು ಬಂತು. ಒಂದು ಕಾಳು ತೆಗೆದುಕೊಂಡು ಕೊಕ್ಕಿನಲ್ಲಿ ಉರುಳಿಸಿತು. ಸುಲಿಯುವ ಶಕ್ತಿ ಇರಲಿಲ್ಲ, ಕಾಳು ಜಾರಿ ಬಿತ್ತು. ಮತ್ತೆ ತೆಗೆದುಕೊಂಡಿತು, ಮತ್ತೆ ಬಿತ್ತು. ನಾನು ಉಗುರಿನಿಂದ ಸುಲಿದು ಕೊಡಲು ನೋಡಿದೆ. ನನ್ನ ಉಗುರಿಗೆ ಅಷ್ಟು ಸಣ್ಣ ಕೆಲಸ ಬರಲಿಲ್ಲ. ಕಣದಿಂದ ಅಪ್ಪ ಕೂಗಿ ಕರೆದ. ಹೋದೆ. ಮಧ್ಯಾಹ್ನ ಬಂದಾಗ ಅದು ಬಟ್ಟಲಿಗೆ ಒರಗಿ ಸತ್ತಿತ್ತು. ಬಟ್ಟಲು ತುಂಬಿತ್ತು, ಈ ಸಲ ನಿಜವಾಗಿ.

ನುಗ್ಗೆಯ ಮರದ ಬುಡದಲ್ಲಿ ಅವ್ವ ಗುಂಡಿ ತೆಗೆದಳು. "ಬಾಣಂತಿಗೆ ಹೇಳ್ಬ್ಯಾಡ. ಕೊರಗಿದ್ರೆ ಹಾಲು ಬತ್ತೋಗ್ತದೆ. ಕೇಳಿದ್ರೆ ಚೆಂದಾಗೈತೆ ಅನ್ನು."

ಮಾರನೆಯ ಬೆಳಗ್ಗೆ ನಾನು ಜಗಲಿಗೆ ಹೋದಾಗ ಅಕ್ಕ ಕೇಳಿದಳು. "ಸದ್ದೇ ಇಲ್ವಲ್ಲೇ. ಹೆಂಗೈತೆ?"

"ಪರವಾಗಿಲ್ಲ. ಮೇವು ತಿಂತಾ ಐತೆ."

"ನಂಗೆ ಕೇಳಿಸ್ತಾ ಇಲ್ಲ."

ಖಾಲಿ ಗೂಡಿನ ಪಕ್ಕದಲ್ಲಿ ನಿಂತು ನಾನು ತುಟಿ ಒತ್ತಿ ಉಸಿರನ್ನು ಒಳಕ್ಕೆ ಎಳೆದೆ. ಚೀಂ ಎಂದು ಸಣ್ಣ ಸದ್ದು ಬಂತು. ಇನ್ನೊಂದು ಸಲ ಮಾಡಿದೆ.

ಒಳಗೆ ಅಕ್ಕ ಮಗುವಿಗೆ ಹೇಳಿದ್ದು ಕೇಳಿಸಿತು. "ಕೇಳಿದ್ಯಾ ಕಂದ? ನಿಮ್ಮಪ್ಪ ತಂದಿದ್ದು ಅದು. ಉಳ್ಕೊಂತು ನೋಡು."

ಹೇಳಬೇಡ ಎಂದದ್ದು ಅವ್ವ. ಕೂಗು ಎಂದು ಅವ್ವ ಹೇಳಿರಲಿಲ್ಲ. ಪುರುಡು ಕಳೆಯುವವರೆಗೆ ಬೆಳಗ್ಗೆ ಬೆಳಗ್ಗೆ ನಾನು ಸತ್ತ ಹಕ್ಕಿಯ ಕೂಗು ಕೂಗಿದೆ. ಮಧ್ಯೆ ಒಂದು ದಿನ ಅಕ್ಕ ನಕ್ಕದ್ದು ಕೇಳಿಸಿದಾಗ, ನನಗೆ ಚೆನ್ನಾಗಿ ಕೂಗಲು ಬಂತು ಎಂದು ಒಂದು ಗಳಿಗೆ ಸಂತೋಷವೂ ಆಯಿತು. ಅದನ್ನು ನೆನೆಸಿಕೊಂಡರೆ ಉಳಿದುದೆಲ್ಲಕ್ಕಿಂತ ಹೆಚ್ಚು ನಾಚಿಕೆಯಾಗುತ್ತದೆ.

ಅಕ್ಕ ಕೋಣೆಯಿಂದ ಈಚೆಗೆ ಬಂದ ದಿನ ಅವ್ವನೇ ಹೇಳಿದಳು, ಹಕ್ಕಿ ಕಾಯಿಲೆಯಿಂದ ಹೋಯಿತು ಎಂದು. ಅಕ್ಕ ಗೂಡನ್ನು ಹಿಡಿದು ನಿಂತಳು. ನಾನು ಅಳಲು ಶುರು ಮಾಡಿದೆ. ಅವಳು ತನ್ನ ಕಣ್ಣು ಒರೆಸಿಕೊಂಡು ನನ್ನ ತಲೆ ಸವರಿದಳು. "ಅಳ್ಬ್ಯಾಡ ಕಣೇ. ನೀನು ಎದ್ದೆದ್ದು ಇಟ್ಟಿಗೆ ಇಟ್ಟಿದ್ದು ನಂಗೆ ಕೇಳಿಸ್ತಿತ್ತು. ನಾನಿದ್ರೂ ಅಷ್ಟು ಮಾಡ್ತಿರಲಿಲ್ಲ." ಕೂಗಿದವರು ಯಾರು ಎಂದು ಅವಳು ಕೇಳಲಿಲ್ಲ. ಅವ್ವ ಹಕ್ಕಿ ಯಾವತ್ತು ಸತ್ತಿತು ಎಂದು ಹೇಳಿರಲಿಲ್ಲ.

ಅಲ್ಲಿಂದಾಚೆಗೆ, ಮನೆಗೆ ಬಂದವರ ಮುಂದೆಲ್ಲ ಅಕ್ಕ ನನ್ನನ್ನು ಹೊಗಳುತ್ತಿದ್ದಳು. ನಾನು ನೀರು ತರುವ ನೆಪದಲ್ಲಿ ಎದ್ದುಹೋಗುತ್ತಿದ್ದೆ. ಭಾವ ಕೊಟ್ಟುಹೋದ ಹಕ್ಕಿಯನ್ನು ಕೊಂದೆ, ಇನ್ನು ಯುದ್ಧದಲ್ಲಿ ಭಾವನಿಗೇನಾದರೂ ಆಗಿಬಿಟ್ಟರೆ ಅದು ನನ್ನಿಂದಲೇ ಎಂಬ ಹೆದರಿಕೆ ಬೇರೆ. ಅದನ್ನೂ ಯಾರಿಗೂ ಹೇಳಲಿಲ್ಲ.

ಯುದ್ಧ ಮುಗಿದು ಭಾವ ಬಂದರು, ಒಣಗಿ, ಕಪ್ಪಾಗಿ, ಆದರೆ ನೆಟ್ಟಗೆ. ಮಗು ಆಗ ಮನೆಯೆಲ್ಲ ಓಡಾಡುತ್ತಿತ್ತು. ಅಕ್ಕ ಅವರಿಗೂ ಎಲ್ಲ ಹೇಳಿದ್ದಳು. ನಮ್ಮ ಮನೆಗೆ ಬಂದವರೇ ಜಗಲಿಯಿಂದ ಕೂಗಿದರು.

"ಎಲ್ಲಿ ನಮ್ ಹಕ್ಕಿ ಡಾಕ್ಟ್ರಮ್ಮ? ಫೀಸು ತಂದಿದ್ದೀನಿ, ಬಾ."

ಅವರ ಕೈಯಲ್ಲಿ ಹೊಸ ಗೂಡು. ಅದರಲ್ಲಿ ಎರಡು ಕೆಂಪುಗುಬ್ಬಿ. "ನಿಂಗೇ ಕಣಮ್ಮಾ. ನಮ್ಮೋಳ್ಗೆ ಕೊಡಲ್ಲ. ಅವಳ್ಗೆ ಮಗ ಅವ್ನೆ, ಸಾಕು." ಎಲ್ಲರೂ ನಕ್ಕರು. ನಾನು ಗೂಡು ತೆಗೆದುಕೊಂಡೆ. ಬೇಡ ಅನ್ನಲು ಏನು ಕಾರಣ ಹೇಳಲಿ?

ಮಾರನೆಯ ಬೆಳಗ್ಗೆ ಹಿತ್ತಿಲ ಜಗಲಿಯಲ್ಲಿ ನಾನು ಬಟ್ಟಲು ಹಿಡಿದು ನಿಂತಿದ್ದೆ. ಅಕ್ಕ ಮಗನನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಂದಳು.

"ಊದೇ, ನಿನ್ ಮಗ ನೋಡ್ಲಿ. ನೋಡ್ಕೊ ಕಂದ, ಚಿಕ್ಕವ್ವ ಹೆಂಗೆ ಊದ್ತಾಳೆ. ನೀನು ಹುಟ್ಟಿದಾಗ್ಲೂ ಒಂದು ದಿನ ತಪ್ಪಿಸ್ದೇನೇ ಊದ್ತಿದ್ಳು."

ಮಗು ನನ್ನ ಬಾಯನ್ನೇ ನೋಡುತ್ತಿತ್ತು. ನಾನು ಬಟ್ಟಲನ್ನು ಬಾಯಿಯ ಹತ್ತಿರ ತಂದೆ. ಉಸಿರು ಬರಲಿಲ್ಲ. ಬಟ್ಟಲು ಇಳಿಸಿದೆ, ಮತ್ತೆ ಎತ್ತಿದೆ.

"ಯಾಕೇ? ಏನಾಯ್ತು?"

ಎಷ್ಟೋ ಸಲ ಒಳಗೊಳಗೇ ಹೇಳಿಕೊಂಡಿದ್ದ ಮಾತು ಬಾಯಿಗೆ ಬಂದಾಗ ಬೇರೆಯೇ ಆಗಿ ಬಂತು. ಅವಳ ಮುಖ ನೋಡಲಾಗದೆ ಬಟ್ಟಲನ್ನೇ ನೋಡುತ್ತ ಹೇಳಿದೆ.

"ಅಕ್ಕ, ಆವಾಗ ನಾನು ಊದ್ಲಿಲ್ಲ. ಊದ್ದೆ ಅಂತ ನಿಂಗೂ ಸುಳ್ಳು ಹೇಳ್ದೆ, ಅವ್ವಂಗೂ ಹೇಳ್ದೆ. ಹಕ್ಕಿಗೆ ಕಾಯಿಲೆ ಇರಲಿಲ್ಲ, ಹಸ್ಕೊಂಡು ಸತ್ತೋಯ್ತು. ಆಮೇಲೆ ಗವಾಕ್ಷಿ ಕೆಳಗೆ ನಿಂತು ಕೂಗ್ತಿದ್ದೋಳು ನಾನೇ. ತಪ್ಪಾಯ್ತು ಕಣಕ್ಕ. ನನ್ನಿಂದ ತಪ್ಪಾಯ್ತು."