ಆಯುಧ ಪೂಜೆಗಿಟ್ಟ ಪಾಸ್‌ವರ್ಡ್

2005ರಲ್ಲಿ ನಾನು ಚಿಕ್ಕಬಳ್ಳಾಪುರದ ಒಂದು ಕಂಪ್ಯೂಟರ್ ಸರ್ವೀಸ್ ಅಂಗಡಿಯಲ್ಲಿ ಸಿಸ್ಟಂ ಅಡ್ಮಿನಿಸ್ಟ್ರೇಟರ್ ಆಗಿದ್ದೆ. ಹುದ್ದೆಯ ಹೆಸರು ದೊಡ್ಡದು. ಕೆಲಸ ಹೆಚ್ಚಾಗಿ ಪ್ರಿಂಟರಿನಲ್ಲಿ ಸಿಕ್ಕಿಕೊಂಡ ಕಾಗದ ಎಳೆಯುವುದು. ಹಾಗಾಗಿ ಶಿಡ್ಲಘಟ್ಟದ ರೀಲರ್‌ಗಳ, ಅಂದರೆ ಗೂಡಿನಿಂದ ರೇಷ್ಮೆ ನೂಲು ತೆಗೆಯುವವರ ಸಂಘವೊಂದು ತನ್ನದೇ ಇಮೇಲ್ ಸರ್ವರ್ ಬೇಕೆಂದಾಗ ನನಗೆ ಹಬ್ಬವೇ ಆಯಿತು.

ಹಳೆಯ ಕಂಪ್ಯೂಟರ್ ಒಂದಕ್ಕೆ, ಪತ್ರಿಕೆಯೊಂದರ ಜೊತೆ ಪುಕ್ಕಟೆ ಬಂದಿದ್ದ ಸಿ.ಡಿ.ಯಿಂದ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಹಾಕಿದೆ. ಸಂಘದ ಹೆಸರಿಗೆ ಬರುವ ಪತ್ರ ಯಾವ ಯಂತ್ರಕ್ಕೆ ಹೋಗಬೇಕೆಂದು ಇಂಟರ್‌ನೆಟ್ಟಿಗೆ ತಿಳಿಸುವ ಎಂ.ಎಕ್ಸ್. ರೆಕಾರ್ಡ್ ಸರಿಹೋಗಲು ಮೂರು ದಿನ ಹಿಡಿಯಿತು. ಹನ್ನೊಂದು ಮಂದಿ ಸದಸ್ಯರಿಗೆ ಹನ್ನೊಂದು ಖಾತೆ. ಇನ್ನು ಅವರು ನೂಲಿನ ರೇಟನ್ನು ದೂರದೂರಿನ ವ್ಯಾಪಾರಿಗಳಿಗೆ ಇಲ್ಲಿಂದಲೇ ಕಳಿಸಬಹುದಿತ್ತು.

ಸದಸ್ಯರಲ್ಲಿ ಹಿರಿಯರು ದಿಬ್ಬೂರಹಳ್ಳಿಯ ವೆಂಕಟರಾಯಪ್ಪ. ಟವಲಿನ ಅಡಿಯಲ್ಲಿ ಬೆರಳು ಹಿಡಿದು ರೇಟು ಹೇಳುತ್ತಿದ್ದ ಕಾಲದವರು. ಪಕ್ಕದಲ್ಲೇ ನಿಂತವನಿಗೂ ಆ ರೇಟು ತಿಳಿಯುತ್ತಿರಲಿಲ್ಲ. ಅವರು ಸರ್ವರ್ ಯಂತ್ರವನ್ನು ಸುತ್ತಲೂ ನೋಡಿ ಕೇಳಿದರು:

“ಟವಲ್ ಕೆಳಗೆ ಹೇಳ್ದಂಗೆ ಇರ್ತದೇನಮ್ಮ? ಇನ್ಯಾರಿಗೂ ಗೊತ್ತಾಗಲ್ವಾ?”

“ಯಾರಿಗೂ ಗೊತ್ತಾಗಲ್ಲ. ನಾನಿದೀನಲ್ಲ,” ಎಂದೆ.

ಸಂಘದ ಕಾರ್ಯದರ್ಶಿ ಅಂಜಿನಪ್ಪ ನನ್ನನ್ನು ತಂಗಿ ಎನ್ನುತ್ತಿದ್ದರು. ನಾನು ಹೋದ ದಿನವೆಲ್ಲ ಅವರ ಮನೆಯಿಂದ ನನಗೂ ಊಟದ ಡಬ್ಬಿ ಬರುತ್ತಿತ್ತು. ಐವತ್ತು ದಾಟಿದ ಮನುಷ್ಯ ಲಿನಕ್ಸ್ ಕಲಿಯಬೇಕೆಂದಾಗ ನಾನು ಹಿಗ್ಗಿಹೋದೆ. “ಯಾವ್ದಾದ್ರೂ ಪತ್ರ ಕಳೆದುಹೋದ್ರೆ?” ಎಂದು ಒಮ್ಮೆ ಕೇಳಿದರು. ಬರುವ ಹೋಗುವ ಪತ್ರಗಳೆಲ್ಲದರ ನಕಲು ಇನ್ನೊಂದು ಖಾತೆಗೆ ಸದ್ದಿಲ್ಲದೆ ಸೇರುವಂತೆ ಒಂದೇ ಸಾಲು ಬರೆದು ಮಾಡಿ ತೋರಿಸಿದೆ. ಇದು ಬೇಡ ಎಂದು ಹೇಳಿ ಅಳಿಸಿಯೂ ಹಾಕಿದೆ.

ಆಯುಧ ಪೂಜೆಯ ದಿನ ಸಂಘದ ಬೀಗದ ಕೈಗಳೆಲ್ಲ ದೇವರ ಪಟದ ಮುಂದೆ ಕೂತವು. ಸರ್ವರ್ ಯಂತ್ರಕ್ಕೂ ಅರಿಶಿನ ಕುಂಕುಮ ಆಯಿತು.

“ಇದರ ಬೀಗದ ಕೈ ಎಲ್ಲಮ್ಮ? ಅದನ್ನ ಇಡದೇ ಪೂಜೆ ಹೆಂಗಾಗ್ತದೆ?” ಎಂದರು ಅಂಜಿನಪ್ಪ.

ಸರ್ವರಿನ ಬೀಗದ ಕೈ ಎಂದರೆ ರೂಟ್ ಪಾಸ್‌ವರ್ಡ್. ಅದು ಗೊತ್ತಿದ್ದವರು ಯಂತ್ರದಲ್ಲಿ ಏನನ್ನು ಬೇಕಾದರೂ ಮಾಡಬಹುದು. ನನಗೆ ಅವರ ಮಾತು ಎಷ್ಟು ಮುದ್ದಾಗಿ ಕಂಡಿತೆಂದರೆ, ಒಂದು ಚೀಟಿಯಲ್ಲಿ ಅದನ್ನು ಬರೆದು ಪಟದ ಮುಂದಿಟ್ಟೆ. ಪೂಜೆಗಿಟ್ಟದ್ದನ್ನು ಮಾರನೆಯ ದಿನದವರೆಗೆ ಅಲುಗಿಸುವಂತಿಲ್ಲ. ಮರುದಿನ ಬಂದಾಗ ಚೀಟಿ ಇಟ್ಟಲ್ಲೇ ಇತ್ತು. ನಾನೇ ಹರಿದು ಹಾಕಿದೆ.

ಎರಡು ತಿಂಗಳ ನಂತರ ವೆಂಕಟರಾಯಪ್ಪ ನೇರ ನಮ್ಮ ಅಂಗಡಿಗೇ ಬಂದರು. ಅವರು ರೇಟು ಕಳಿಸಿದ ಮರುದಿನವೇ ಅದೇ ವ್ಯಾಪಾರಿಗೆ ಇನ್ಯಾರೋ ಸ್ವಲ್ಪ ಕಡಿಮೆ ರೇಟು ಹೇಳುತ್ತಿದ್ದರು. ಹೀಗೆ ಮೂರು ಸಲ ಆಗಿ, ಇಪ್ಪತ್ತು ವರ್ಷದಿಂದ ಇದ್ದ ಗಿರಾಕಿ ಕೈತಪ್ಪಿದ್ದ.

ಶಿಡ್ಲಘಟ್ಟಕ್ಕೆ ಹೋಗಿ ಲಾಗ್, ಅಂದರೆ ಸರ್ವರ್ ತಾನೇ ಬರೆದುಕೊಳ್ಳುವ ದಿನಚರಿ, ತೆರೆದೆ. ಒಂದೊಂದು ಪತ್ರವೂ ಎರಡೆರಡು ಕಡೆ ಹೋಗಿತ್ತು. ಸೆಟ್ಟಿಂಗ್ ಫೈಲಿನ ಕೊನೆಯಲ್ಲಿ ನಾನು ಅಳಿಸಿದ್ದ ಅದೇ ಸಾಲು ಕೂತಿತ್ತು. ಪೂಜೆಯ ಮರುವಾರ ಅಂಜಿನಪ್ಪನವರ ಮೇಜಿನ ಕಂಪ್ಯೂಟರಿನಿಂದ ರೂಟ್ ಆಗಿ ಒಳಹೊಕ್ಕು ಬರೆದದ್ದು. ಅಂಜಿನಪ್ಪನವರನ್ನು ಕರೆದು ಅದನ್ನು ತೋರಿಸಿದೆ. ಮೇಜಿನ ಮೇಲೆ ಅವರ ಮನೆಯ ಡಬ್ಬಿ ಇನ್ನೂ ಬಿಸಿಯಾಗಿತ್ತು.

“ನಮ್ಮ ಭಾವಮೈದುನಂದೂ ಇದೇ ವ್ಯಾಪಾರ ಕಣಮ್ಮ,” ಎಂದರು ಅಂಜಿನಪ್ಪ, ತಲೆ ತಗ್ಗಿಸದೆ. “ನಾನೇನು ಕದ್ದೆನಾ? ನೀನೇ ಹೇಳಿಕೊಟ್ಟೆ, ನೀನೇ ಬರೆದಿಟ್ಟೆ.”

ಆ ಡಬ್ಬಿ ನಾನು ಮುಟ್ಟಲಿಲ್ಲ. ಸಾಲು ಅಳಿಸಿ, ಪಾಸ್‌ವರ್ಡ್ ಬದಲಿಸಿ, ಸಂಘದ ಅಧ್ಯಕ್ಷರಿಗೆ ಎಲ್ಲ ಬರೆದುಕೊಟ್ಟೆ. ನಮ್ಮೂರವನು, ಹೋಗಲಿ ಬಿಡಿ ಎಂದು ಅಧ್ಯಕ್ಷರು ಅಂಜಿನಪ್ಪನವರನ್ನು ಕೆಲಸದಲ್ಲೇ ಉಳಿಸಿಕೊಂಡರು. ಈಗಲೂ ಅದನ್ನು ನೆನೆದರೆ ಮೈ ಉರಿಯುತ್ತದೆ.

ವೆಂಕಟರಾಯಪ್ಪನವರ ಮನೆಗೆ ನಾನೇ ಹೋಗಿ ನಡೆದದ್ದನ್ನೆಲ್ಲ ಹೇಳಿದೆ. ಅಂಜಿನಪ್ಪ ನನಗೆ ಎಂಥ ಮೋಸ ಮಾಡಿದರು ಎಂದು ಮತ್ತೆ ಮತ್ತೆ ಹೇಳಿದೆ. ಅವರು ಎಲ್ಲ ಕೇಳಿ, ಕಾಫಿ ಕುಡಿಸಿದರು. ನಾನು ಎದ್ದಾಗ ಹೇಳಿದರು:

“ಅವನ ವಿಷ್ಯ ಬಿಡಮ್ಮ. ಅವನು ನನಗೇನೂ ಮಾತು ಕೊಟ್ಟಿರ್ಲಿಲ್ಲ. ಟವಲ್ ಕೆಳಗೆ ನನ್ನ ಬೆರಳು ಹಿಡ್ಕೊಂಡಿದ್ದು ನೀನು.”

ಖಾತೆ ಮುಚ್ಚಿಸಿದರು. ಆಮೇಲೆ ರೇಟು ಹೇಳಲು ಅವರೇ ಬಸ್ಸು ಹತ್ತಿ ಹೋಗುತ್ತಿದ್ದರೆಂದು ಕೇಳಿದೆ.

ನಂತರ ಬಹಳ ಸರ್ವರ್ ಕಟ್ಟಿದೆ. ರೂಟ್ ಪಾಸ್‌ವರ್ಡನ್ನು ದೇವರಿಗೂ ತೋರಿಸಿಲ್ಲ. ಆದರೆ ಕಲಿತ ಪಾಠ ಅದಲ್ಲ. ಕೆಲಸ ಒಪ್ಪಿಕೊಳ್ಳುವ ಮೊದಲು ಎಲ್ಲರನ್ನೂ ಕೂರಿಸಿ ಒಂದು ಮಾತು ಹೇಳುತ್ತೇನೆ: ಈ ಯಂತ್ರದ ಬೀಗದ ಕೈ ಯಾರ ಬಳಿ ಇದೆಯೋ ಅವರು ನಿಮ್ಮ ಪತ್ರಗಳನ್ನೆಲ್ಲ ಓದಬಲ್ಲರು, ಮೊದಲನೆಯವಳು ನಾನೇ. ಅದನ್ನು ಕೇಳಿ ಕೆಲವರು ಕೆಲಸ ಕೊಡದೆ ಎದ್ದುಹೋಗಿದ್ದಾರೆ. ಹೋಗಲಿ. ವೆಂಕಟರಾಯಪ್ಪನವರು ಕೇಳಿದಾಗ ನಾನು ಕೊಡಬೇಕಿದ್ದ ಉತ್ತರ ಅದು.