ದೇವದುರ್ಗಕ್ಕೆ ಹೋದ ಗಾಳಿಪೆಟ್ಟಿಗೆ

ರಾಯಚೂರಿನಿಂದ ದೇವದುರ್ಗಕ್ಕೆ ಹೋಗುವ ನೇರ ಬಸ್ಸು ತಪ್ಪಿತು. ಮಾನ್ವಿ ಬಸ್ಸು ಹತ್ತಿದೆವು. ಜೊತೆಗಿದ್ದವರು ನನ್ನಂತೆಯೇ ಭೌತಶಾಸ್ತ್ರದಲ್ಲಿ ಸಂಶೋಧನೆ ಮಾಡುವ ರೇಣುಕಾ. ನಮ್ಮ ನಡುವೆ ಒಂದು ಪ್ಲೈವುಡ್ ಪೆಟ್ಟಿಗೆ: ಒಂದು ಬದಿ ಗಾಜು, ತುದಿಯಲ್ಲಿ ಫ್ಯಾನು, ಒಳಗೆ ನುಣುಪಾದ ತಗಡು.

ರೇಣುಕಾ ದೇವದುರ್ಗದವರು. ತಾಯಿ ಹನುಮವ್ವ ಕೂಲಿ ಮಾಡಿ ಓದಿಸಿದವರು. ಮಗಳು ಕಾಯಂ ಶಿಕ್ಷಕಿ ಕೆಲಸ ಬಿಟ್ಟು ಸಂಶೋಧನೆಗೆ ಇಳಿದಂದಿನಿಂದ ತಾಯಿ ಸರಿಯಾಗಿ ಮಾತಾಡಿರಲಿಲ್ಲ. ಅಲ್ಲಿನ ಕಾಲೇಜು ಪ್ರಯೋಗ ತೋರಿಸಲು ಕರೆದಾಗ ರೇಣುಕಾ ತಾಯಿಯನ್ನೂ ಬರಹೇಳಿದ್ದರು.

ಮಾನ್ವಿಯಲ್ಲಿ ಬಿಸಿಲು ಚುರುಗುಟ್ಟುತ್ತಿತ್ತು. ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿಂದೆವು. "ಅವ್ವ ಬರ್ತಾರೇನ್ರೀ?" ಎಂದೆ.

"ಗೊತ್ತಿಲ್ಲರೀ. ನೋಡೋಣ ಅಂದಾಳ."

ಅಲ್ಲಿಂದ ದೇವದುರ್ಗದ ಬಸ್ಸು ಹಿಡಿದೆವು. ರಸ್ತೆ ಕೆಟ್ಟಿತ್ತು. ಪೆಟ್ಟಿಗೆ ಕುಲುಕಿ, ಫ್ಯಾನಿನ ಗಾಳಿಯನ್ನು ಸಮ ಮಾಡಲು ಅದರ ಮುಂದೆ ಕಟ್ಟಿದ್ದ ಜಾಲರಿ ಹರಿದದ್ದು ನಮಗೆ ತಿಳಿಯಲಿಲ್ಲ.

ಕಾಲೇಜಿಗೆ ಹನುಮವ್ವ ಬಂದಿದ್ದರು, ಕೊನೆಯ ಸಾಲಿನಲ್ಲಿ ಕೂತಿದ್ದರು. ರೇಣುಕಾ ಊದಿನಕಡ್ಡಿ ಹಚ್ಚಿ ಫ್ಯಾನು ಹಾಕಿದರು. ತಗಡಿನ ಮೇಲೆ ಎಳೆಯಂತೆ ನೇರ ಹೋಗಬೇಕಿದ್ದ ಹೊಗೆ ಮೊದಲಲ್ಲೇ ಗೋಜಲಾಯಿತು. ಹುಡುಗರು ನಕ್ಕರು. ಹನುಮವ್ವ ತಲೆ ತಗ್ಗಿಸಿದರು.

"ಸ್ವಲ್ಪ ಕುಂದರ್ರಿ, ಬಂದೆ," ಎಂದು ರೇಣುಕಾ ಸಂತೆಪೇಟೆಗೆ ಹೋದರು. ಕಿಟಕಿಗೆ ಹಾಕುವ ಸೊಳ್ಳೆಜಾಲರಿ ತಂದು ಎರಡು ಪದರ ಬಿಗಿದರು. ಈಗ ಹೊಗೆ ನೆಟ್ಟಗೆ ಹೋಯಿತು. ಒಂದು ಪದರ ತೆಗೆದರು. ಎಳೆಯಲ್ಲಿ ಸಣ್ಣ ಅಲೆಗಳೆದ್ದು, ಮುಂದೆ ಮುಂದೆ ದೊಡ್ಡವಾಗಿ, ತುದಿಯಲ್ಲಿ ಒಡೆದವು.

"ತಗಡಿಗೆ ಹತ್ತಿದ ಗಾಳಿ ತೆಳ್ಳನ ಪದರಾಗಿ ಮೆಲ್ಲಕ ಹೋಗ್ತದ," ಎಂದರು ರೇಣುಕಾ. "ಹೊರಗಿನ ಗಾಳಿಯಾಗ ಒಂದೀಟು ಗದ್ದಲ ಇದ್ರ ಸಾಕು, ಪದರದಾಗ ಅಲಿ ಏಳ್ತಾವ. ಆ ಗದ್ದಲ ಒಳಗ ಹ್ಯಾಂಗ ಹೊಗತದ ಅನ್ನೋದನ್ನ ಹುಡುಕಾಕತ್ತೀನಿ."

ದೊಡ್ಡ ಪ್ರಯೋಗಾಲಯದಲ್ಲಿ ಸೂಕ್ಷ್ಮ ಉಪಕರಣಗಳಿಂದ ಅಳೆಯುವುದನ್ನು ಅವರು ಇಲ್ಲಿ ಸ್ಥೂಲವಾಗಿ ತೋರಿಸಿದ್ದರು. ಹುಡುಗರು ಹೋದ ಮೇಲೆ ಹನುಮವ್ವ ಮುಂದೆ ಬಂದರು.

"ಅದು ತಿಳದ್ರ ಏನಾಗ್ತದ?"

"ವಿಮಾನದ ರೆಕ್ಕಿ ಮ್ಯಾಲ ಈ ಅಲಿ ತಡದ್ರ ಎಣ್ಣಿ ಉಳೀತದ, ಯವ್ವಾ."

"ನಿನಗ ತಿಳದದೇನು?"

"ಇನ್ನೂ ಪೂರಾ ಇಲ್ಲ."

ಹನುಮವ್ವ ಪೆಟ್ಟಿಗೆಯತ್ತ ಬಗ್ಗಿದರು. "ಇನ್ನೊಮ್ಮಿ ಹಚ್ಚು," ಎಂದರು. ಕಡ್ಡಿ ಮುಗಿಯುವವರೆಗೂ ಗಾಜಿಗೆ ಮುಖವಿಟ್ಟು ನೋಡಿದರು.

ಸಂಜೆ ರಾಯಚೂರಿನ ನೇರ ಬಸ್ಸು ಸಿಕ್ಕಿತು. ಹನುಮವ್ವ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ನಿಲ್ದಾಣಕ್ಕೆ ಬಂದರು. ಕಿಟಕಿಯಿಂದ ಮಗಳ ಕೈಗೆ ಗಂಟು ಕೊಡುತ್ತ, "ತಿಳದ ದಿನ ಮೊದಲ ನನಗ ಹೇಳಬೇಕು," ಎಂದರು.

ಬಸ್ಸು ಹೊರಟಿತು. ತಿರುವಿನಲ್ಲಿ ಹಿಂತಿರುಗಿ ನೋಡಿದೆ. ಅವರು ಇನ್ನೂ ಅಲ್ಲೇ ನಿಂತಿದ್ದರು.