ರೇಷ್ಮೆ ಚಿಟ್ಟೆಯ ಸೀಮೆ

ರೇಷ್ಮೆ ಚಿಟ್ಟೆಗೆ ರೆಕ್ಕೆ ಇದೆ, ಹಾರಲು ಬಾರದು. ಯಾವ ಕಾಡಿನಲ್ಲಿ ಹುಡುಕಿದರೂ ಒಂದೂ ಸಿಗದು. ಮನುಷ್ಯರು ಹಿಪ್ಪುನೇರಳೆ ಸೊಪ್ಪು ಹಾಕಿ ಸಾಕುವಲ್ಲಿ ಮಾತ್ರ ಅದು ಉಂಟು. ಅದರ ಸೀಮೆ ಅಷ್ಟೇ. ಮಳವಳ್ಳಿ ಕಡೆಯಿಂದ ಮದ್ದೂರು ಬಳಿಯ ಕೊಪ್ಪದ ಈ ಮನೆಗೆ ಸೊಸೆಯಾಗಿ ಬಂದ ನನಗೂ ಅತ್ತೆ ಒಂದು ಸೀಮೆ ಹಾಕಿಕೊಟ್ಟಿದ್ದಳು: ತೋಟದಿಂದ ಹುಳದ ಮನೆಯ ಹೊಸ್ತಿಲವರೆಗೆ. ಸೊಪ್ಪು ಕೊಯ್ಯಬೇಕು, ಹೊರಬೇಕು, ಹೊಸ್ತಿಲಲ್ಲಿ ಇಳಿಸಿ ಹಿಂದಿರುಗಬೇಕು. ಮಕ್ಕಳಾಗದವಳ ಕಣ್ಣು ಬಿದ್ದರೆ ಹುಳ ಉಳಿಯುವುದಿಲ್ಲವಂತೆ. ತವರಲ್ಲಿ ಹುಳ ಮೇಯಿಸಿಕೊಂಡೇ ಬೆಳೆದವಳು ನಾನು. ಆದರೂ ಹೊಸ್ತಿಲು ದಾಟದೆ ಸೊಪ್ಪು ಹೊತ್ತೆ.

ಹೋದ ವರ್ಷ ಹುಳ ನಾಲ್ಕನೇ ಸಲ ಪೊರೆ ಬಿಟ್ಟು, ಅಂದರೆ ನಾಲ್ಕನೇ ಜ್ವರ ಎದ್ದು, ಗಬಗಬನೆ ತಿನ್ನುವ ಹೊತ್ತಿಗೆ ಸಪ್ಪೆ ರೋಗ ಬಂತು. ತಟ್ಟೆ ತಟ್ಟೆಯೇ ಮೆತ್ತಗಾಗಿ ನಾರಿತು. ಅತ್ತೆ ಬೀದಿಯಲ್ಲಿ ನಿಂತು ಊರಿಗೆಲ್ಲ ಕೇಳುವಂತೆ ಕೂಗಿದಳು: "ಈ ಬಂಜೆ ಕಣ್ಣೇ ಕಣ್ರವ್ವ ನನ್ ಉಳ ತಿಂದಾಕಿದ್ದು."

ನಮಗೆ ಮರಿಹುಳ ಕೊಡುವ ಮದ್ದೂರಿನವರು ಬಂದು ನೋಡಿ, ಸೊಪ್ಪು ಯಾಕಿಷ್ಟು ಒದ್ದೆ ಎಂದು ಕೇಳಿದರು. ನಾನು ಹೊಸ್ತಿಲಿನಿಂದಲೇ ಒಳಗೆ ಇಣುಕಿದೆ. ಮೂಲೆಯಲ್ಲಿ ಅರಿಶಿನದ ನೀರಿನ ಹಿತ್ತಾಳೆ ಚೊಂಬು ಇತ್ತು. ಆಗಲೇ ನನಗೆ ತಿಳಿದದ್ದು: ನಾನು ಇಳಿಸಿದ ಪ್ರತಿ ಹೊರೆಗೂ ನನ್ನ ದೃಷ್ಟಿ ಹೋಗಲೆಂದು ಅವಳು ಅದನ್ನು ಎರಚಿ ಎರಚಿ ಹಾಕುತ್ತಿದ್ದಳು. ಒದ್ದೆ ಸೊಪ್ಪು ತಿಂದ ಹುಳ ಸಾಯದೆ ಇನ್ನೇನು ಮಾಡೀತು? ಒಳಗೆ ಬಿಟ್ಟಿದ್ದರೆ ಮೊದಲ ದಿನವೇ ಹೇಳುತ್ತಿದ್ದೆ. ಗಂಡ ಆವತ್ತು ಹುಳದ ಮನೆಯ ಬೀಗದ ಕೈ ತಂದು ನನಗೆ ಕೊಟ್ಟ.

ನಾನು ಮೇಯಿಸಿದ ಮೊದಲ ಬೆಳೆಯಲ್ಲಿ ಹಣ್ಣಾದ ಹುಳ ಬಿಡುವ ಬಿದಿರಿನ ಚಂದ್ರಿಕೆಗಳ ತುಂಬ ಗೂಡು ಕಟ್ಟಿತು. ಅದನ್ನೆಲ್ಲ ಮಾರಿ, ಮತ್ತೆ ಮರಿಹುಳ ತಂದ ದಿನ, ಹಳೆಯ ಚಂದ್ರಿಕೆಯಲ್ಲಿ ಮರೆತುಳಿದ ಒಂದು ಗೂಡು ಒಡೆದು ಚಿಟ್ಟೆ ಹೊರಬಂದಿತ್ತು. ಆಗ ಅತ್ತೆ ಹೊಸ್ತಿಲ ಬಳಿ ಬಂದು ನಿಂತಳು.

"ಒಂದ್ ಗಳ್ಗೆ ಒಳೀಕ್ ಬತ್ತೀನಿ ಕಣವ್ವ. ಉಳ ನೋಡ್ಬೇಕು ಅನ್ನುಸ್ತದೆ."

ದನಿ ತಗ್ಗಿತ್ತು. ನನಗೆ ಅಯ್ಯೋ ಎನಿಸಲಿಲ್ಲ, ಖುಷಿಯಾಯಿತು. ಈ ದಿನಕ್ಕೆಂದೇ ಎತ್ತಿಟ್ಟಿದ್ದ ಅದೇ ಹಿತ್ತಾಳೆ ಚೊಂಬಿನಲ್ಲಿ ಅರಿಶಿನ ಕದಡಿ ತಂದು, ಹೊಸ್ತಿಲ ಮೇಲೂ ಅವಳ ಪಾದದ ಮೇಲೂ ಎರಚಿದೆ.

"ದೃಷ್ಟಿ ಆಗ್ಬಾರ್ದಲ್ವ ಅತ್ತೆ. ಅಲ್ಲೇ ನಿಂತ್ಕೊಳಿ."

ಚಿಟ್ಟೆಯನ್ನು ತಂದು ಅವಳ ಅಂಗೈಯಲ್ಲಿಟ್ಟೆ. ಅದು ಪಟಪಟ ರೆಕ್ಕೆ ಬಡಿಯಿತು, ಎಲ್ಲಿಗೂ ಹೋಗಲಿಲ್ಲ. ಅವಳೂ ಹೋಗಲಿಲ್ಲ. ನಾನು ಬಾಗಿಲು ಹಾಕಿಕೊಂಡು ಹುಳಕ್ಕೆ ಸೊಪ್ಪು ಹಾಕಿದೆ.